‘ಯಾರ ಕಡೆಯಿಂದ ಬಂತು?’ ಎಂದು ಕೇಳುವ ಮೊದಲು

ಡಿಎನ್‌ಎ ಎಂದರೆ ಸೋರ್ಸ್ ಕೋಡ್, ಗರ್ಭ ಎಂದರೆ ಆ ಕೋಡ್ ಓಡುವ ಯಂತ್ರ, ಮಗು ಎಂದರೆ ಔಟ್‌ಪುಟ್. ಈ ಮಾತು ನಮ್ಮ ಸಾಫ್ಟ್‌ವೇರ್ ಮಂದಿಯ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದರೆ, ಇದೊಂದು ಹೋಲಿಕೆ ಎನ್ನುವುದೇ ಮರೆತುಹೋದಂತಿದೆ. ಆಫೀಸಿನ ಕ್ಯಾಂಟೀನಿನಲ್ಲಿ ಹಾಗೆ ಹೇಳಿಕೊಂಡರೆ ಯಾರಿಗೂ ನಷ್ಟವಿಲ್ಲ. ಆದರೆ ಅದು ಅಲ್ಲೇ ನಿಂತಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ, ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ‘ಓದಿದ ಹುಡುಗ ಹೇಳ್ತಾನೆ’ ಎಂಬ ಮುದ್ರೆ ಬಿದ್ದು ಅದು ನಮ್ಮ ನಮ್ಮ ಊರುಗಳಿಗೂ ಇಳಿದಿದೆ. ಹುಟ್ಟಿದ ಮಗುವಿಗೆ ಏನಾದರೂ ತೊಂದರೆ ಕಂಡರೆ, ಮುಂದೇನು ಮಾಡಬೇಕು ಎಂದು ಕೇಳುವ ಮೊದಲೇ ‘ಯಾರ ಕಡೆಯಿಂದ ಬಂತು?’ ಎಂಬ ಪ್ರಶ್ನೆ ಏಳುತ್ತದೆ. ಹಿಂದೆ ಗ್ರಹಣ, ದೃಷ್ಟಿ, ಕರ್ಮ ಎನ್ನುತ್ತಿದ್ದವರು ಈಗ ‘ಜೀನು’ ಎನ್ನುತ್ತಾರೆ. ಬೆರಳು ತೋರುವ ದಿಕ್ಕು ಬದಲಾಗಿಲ್ಲ. ಅದು ಈಗಲೂ ಬಾಣಂತಿಯ ಮಂಚದ ಕಡೆಗೇ.

ಈ ಹೋಲಿಕೆಯನ್ನು ಊರಿಗೆ ಸಾಗಿಸಿದ್ದರಲ್ಲಿ ನಮ್ಮ ವೃತ್ತಿಯವರ ಪಾಲು ದೊಡ್ಡದು. ಅದನ್ನು ವಾಪಸು ತರುವ ಕೆಲಸವೂ ನಮ್ಮದೇ ಎನ್ನುವುದು ನನ್ನ ವಾದ. ನಾನು ಜೀವವಿಜ್ಞಾನಿಯಲ್ಲ. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸಿನಲ್ಲಿ. ಚೆನ್ನೈಗೆ ಬಂದ ಮೇಲೆ ಎರಡು ವರ್ಷ ನಮ್ಮ ತಂಡಕ್ಕೆ ಸೂಕ್ಷ್ಮದರ್ಶಕದ ಚಿತ್ರಗಳನ್ನು ವಿಂಗಡಿಸುವ ತಂತ್ರಾಂಶದ ಕೆಲಸ ಬಿತ್ತು. ಇಂಥ ಚಿತ್ರಗಳಲ್ಲಿ ಜೀವಕೋಶಗಳನ್ನು ಎಣಿಸಿ, ಅವುಗಳ ನಡುವಿನದನ್ನು ‘ಹಿನ್ನೆಲೆ’ ಎಂದು ಅಳಿಸಿಬಿಡುವುದು ನಮ್ಮಲ್ಲಿ ರೂಢಿ. ಗ್ರಾಹಕರು ಕಳಿಸಿದ ಬೇಡಿಕೆ ಪಟ್ಟಿಯ ಮೊದಲ ಪುಟದಲ್ಲೇ ಒಂದು ಸಾಲಿತ್ತು: ನಡುವಿನದನ್ನು ಅಳಿಸಬೇಡಿ, ನಮಗೆ ಬೇಕಾಗಿರುವುದೇ ಅದು. ನೀಲಿ ಚುಕ್ಕೆಗಳಂಥ ಕೋಶಕೇಂದ್ರಗಳ ನಡುವೆ ಹಸಿರು ನೂಲಿನ ಬಲೆ ಹರಡಿರುತ್ತಿತ್ತು. ಆ ಬಲೆಯ ಬಗ್ಗೆ ಓದಲು ಶುರುಮಾಡಿದವನು ಇನ್ನೂ ನಿಲ್ಲಿಸಿಲ್ಲ.

ಅದರ ಹೆಸರು ಎಕ್ಸ್‌ಟ್ರಾಸೆಲ್ಯುಲರ್ ಮ್ಯಾಟ್ರಿಕ್ಸ್. ನಾನಿಲ್ಲಿ ಹಂದರ ಎನ್ನುತ್ತೇನೆ. ಮಲ್ಲಿಗೆ ಬಳ್ಳಿಗೆ ಕಟ್ಟುವ ಹಂದರದ ಹಾಗೆ ಇದೂ ಹಬ್ಬುವುದಕ್ಕೆ ಆಸರೆ. ಬಳ್ಳಿಗೆ ಹಂದರವನ್ನು ನಾವು ಕಟ್ಟುತ್ತೇವೆ, ಇಲ್ಲಿ ಬಳ್ಳಿಯೇ ತನ್ನ ಹಂದರವನ್ನು ನೇಯ್ದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಕೋಶಗಳು ಪ್ರೋಟೀನುಗಳನ್ನು ಹೊರಗೆ ಸ್ರವಿಸುತ್ತವೆ. ಕೊಲಾಜೆನ್, ಲ್ಯಾಮಿನಿನ್, ಫೈಬ್ರೊನೆಕ್ಟಿನ್ ಅವುಗಳಲ್ಲಿ ಮುಖ್ಯವಾದವು. ಹೊರಗೆ ಬಂದ ಇವು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಕೋಶದ ಮೈಮೇಲೆ ಇಂಟೆಗ್ರಿನ್ ಎಂಬ ಕೊಂಡಿಗಳಿವೆ. ಅವು ಹೊರಗೆ ಬಲೆಯನ್ನು, ಒಳಗೆ ಕೋಶದ ಸ್ವಂತ ಅಸ್ಥಿಪಂಜರವನ್ನು ಹಿಡಿದುಕೊಂಡಿರುತ್ತವೆ. ಬಲೆ ಎಳೆದರೆ ಕೋಶಕ್ಕೆ ಗೊತ್ತಾಗುತ್ತದೆ. ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎನ್ನುವುದರ ಮೇಲೂ ಆ ಎಳೆತದ ಪರಿಣಾಮವಿದೆ.

ಚೆನ್ನೈಯಲ್ಲಿರುವ ನಮ್ಮವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಗಿಂಡಿ ಕಡೆಯಿಂದ ಅಡಯಾರಿಗೆ ಬರುವ ಸರ್ದಾರ್ ಪಟೇಲ್ ರಸ್ತೆಯಲ್ಲಿ ನಮ್ಮಲ್ಲಿ ಅನೇಕರು ದಿನವೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತೇವೆ. ಹಂದರದ ಮುಖ್ಯ ಪ್ರೋಟೀನಾದ ಕೊಲಾಜೆನ್ನಿನ ರಚನೆ ತಿಳಿದದ್ದು ಈ ಊರಿನಲ್ಲೇ. ಜಿ.ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ ಬಂದರು. ಕೊಲಾಜೆನ್ನಿನ ರಚನೆ ಇನ್ನೂ ಬಿಡಿಸದ ಒಗಟಾಗಿದೆ ಎಂದು ಅವರ ಗಮನಕ್ಕೆ ತಂದವರು ಭೇಟಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್. 1954ರಲ್ಲಿ ಗೋಪಿನಾಥ್ ಕರ್ತಾ ಅವರ ಜೊತೆ ಸೇರಿ ರಾಮಚಂದ್ರನ್ ‘ನೇಚರ್’ ಪತ್ರಿಕೆಯಲ್ಲಿ ಮೂರೆಳೆಯ ರಚನೆಯನ್ನು ಮುಂದಿಟ್ಟರು. ಮರುವರ್ಷ ಅದನ್ನು ತಿದ್ದಿ, ಸುರುಳಿಯಾದ ಮೂರು ಎಳೆಗಳು ಮತ್ತೆ ಒಂದನ್ನೊಂದು ಸುತ್ತಿಕೊಂಡಿವೆ ಎಂದು ತೋರಿಸಿದರು. ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಎಳೆಯಲ್ಲಿ ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಇರಬೇಕು. ಹಗ್ಗದ ಒಳಸುತ್ತಿನಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ. ಆ ಒಂದು ಜಾಗದಲ್ಲಿ ಗ್ಲೈಸಿನ್ ತಪ್ಪಿ ಬೇರೇನಾದರೂ ಕೂತರೆ ಮೂಳೆ ಗಾಜಿನಂತೆ ಒಡೆಯುವ ಕಾಯಿಲೆಯೊಂದಿಗೆ ಮಗು ಹುಟ್ಟಬಹುದು.

ಈ ಸಂಶೋಧನೆಯ ಸುತ್ತ ಎದ್ದ ಜಗಳದಿಂದಲೇ 1963ರ ‘ರಾಮಚಂದ್ರನ್ ನಕ್ಷೆ’ ಹುಟ್ಟಿತು. ಇವತ್ತಿಗೂ ಪ್ರೋಟೀನ್ ರಚನೆಯನ್ನು ಪರೀಕ್ಷಿಸುವ ತಂತ್ರಾಂಶಗಳಲ್ಲಿ ಅದು ಓಡುತ್ತದೆ. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ಅಲ್ಲಿ ಅಣು ಜೀವಭೌತವಿಜ್ಞಾನ ವಿಭಾಗ ಕಟ್ಟಿದರು. ಅದೇ ಸರ್ದಾರ್ ಪಟೇಲ್ ರಸ್ತೆಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯೂ ಒಂದರ್ಥದಲ್ಲಿ ಕೊಲಾಜೆನ್ನಿನ ಮನೆಯೇ. ಚರ್ಮ ಹದ ಮಾಡುವುದೆಂದರೆ ಕೊಲಾಜೆನ್ ಎಳೆಗಳು ಕೊಳೆಯದಂತೆ ಬಿಗಿಯುವುದು. ಸಿಗ್ನಲಿನಲ್ಲಿ ಬಸ್ಸು ನಿಂತಾಗ ಆ ಗೇಟಿನ ಕಡೆ ಒಮ್ಮೆ ನೋಡಿ.

ಈಗ ಭ್ರೂಣಕ್ಕೆ ಬರೋಣ. ಗರ್ಭ ಕಟ್ಟಿದ ಮೊದಮೊದಲ ದಿನಗಳಲ್ಲೇ ಲ್ಯಾಮಿನಿನ್ ತೆಳ್ಳನೆಯ ಹಾಳೆಯಾಗಿ ಹಾಸಿಕೊಳ್ಳುತ್ತದೆ. ಕೋಶಗಳಿಗೆ ತಮ್ಮ ಮೇಲ್ಮುಖ ಯಾವುದು, ಬುಡ ಯಾವುದು ಎಂದು ತಿಳಿಯುವುದರಲ್ಲಿ ಆ ಹಾಳೆಯ ಪಾತ್ರ ದೊಡ್ಡದು. ಆಮೇಲೆ ಬರುವ ಫೈಬ್ರೊನೆಕ್ಟಿನ್ ಕತೆ ನನಗೆ ಬಲು ಇಷ್ಟ. 1993ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಹೈನ್ಸ್ ಅವರ ತಂಡ ಇಲಿಗಳಲ್ಲಿ ಫೈಬ್ರೊನೆಕ್ಟಿನ್ ಇಲ್ಲದ ಭ್ರೂಣಗಳನ್ನು ಬೆಳೆಸಿ ನೋಡಿತು. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡಿತು, ಕೆಲವು ದಿನ ಬೆಳೆಯಿತು. ಆಮೇಲೆ ಕೆಲಸ ಕೆಟ್ಟಿತು. ಮುಂದೆ ಬೆನ್ನುಮೂಳೆ ಮತ್ತು ಸ್ನಾಯುಗಳಾಗಬೇಕಾದ ಜೋಡಿ ಗಂಟುಗಳು ಮೂಡಲೇ ಇಲ್ಲ. ಹೃದಯ, ರಕ್ತನಾಳಗಳು ವಕ್ರವಾದವು. ಭ್ರೂಣಗಳು ಉಳಿಯಲಿಲ್ಲ. ಮೂಳೆಯ ಜೀನು, ಸ್ನಾಯುವಿನ ಜೀನು, ಹೃದಯದ ಜೀನು ಎಲ್ಲವೂ ಇದ್ದಲ್ಲೇ ಇದ್ದವು, ಕೋಶಗಳೂ ಇದ್ದವು. ಇಲ್ಲದ್ದು ಅವು ಕಾಲೂರುವ ನೆಲ.

ಫೈಬ್ರೊನೆಕ್ಟಿನ್ನಿನ ಇನ್ನೊಂದು ಗುಣ ನಮ್ಮಂಥ ಎಂಜಿನಿಯರುಗಳ ನಿದ್ದೆ ಕೆಡಿಸುವಂಥದ್ದು. ಕೋಶದಿಂದ ಹೊರಬರುವಾಗ ಅದು ಮಡಚಿಕೊಂಡಿರುತ್ತದೆ. ಹಾಗೇ ಬಿಟ್ಟರೆ ನೂಲಾಗುವುದಿಲ್ಲ. ಕೋಶಗಳು ಇಂಟೆಗ್ರಿನ್ ಕೊಂಡಿ ಹಾಕಿ ಅದನ್ನು ಎಳೆಯಬೇಕು. ಎಳೆದಾಗ ಮಡಿಕೆ ಬಿಚ್ಚಿ, ಒಳಗೆ ಅಡಗಿದ್ದ ಅಂಟುವ ಜಾಗಗಳು ಹೊರಬಂದು, ಒಂದರ ಪಕ್ಕ ಒಂದು ಸೇರಿ ನೂಲಾಗುತ್ತದೆ. ಎಷ್ಟು ಎಳೆಯಬೇಕು, ಯಾವ ದಿಕ್ಕಿಗೆ ಎಳೆಯಬೇಕು ಎನ್ನುವುದು ಜೀನಿನ ಯಾವ ಸಾಲಿನಲ್ಲೂ ಬರೆದಿಲ್ಲ. ಆ ಹೊತ್ತಿಗೆ ಆ ಕೋಶ ಎಲ್ಲಿದೆ, ಅಕ್ಕಪಕ್ಕ ಯಾರಿದ್ದಾರೆ, ಅವರು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆ ಎನ್ನುವುದರ ಮೇಲೆ ಅದು ತೀರ್ಮಾನವಾಗುತ್ತದೆ.

ಭ್ರೂಣದೊಳಗೆ ವಲಸಿಗರೂ ಇದ್ದಾರೆ, ನಮ್ಮ ಹಾಗೆ. ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗುವ ಕೊಳವೆಯ ಮೇಲಂಚಿನಿಂದ ಕೆಲವು ಕೋಶಗಳು ಮನೆ ಬಿಟ್ಟು ಹೊರಡುತ್ತವೆ. ಕೆಲವು ಮುಖದ ಮೂಳೆಗಳಾಗುತ್ತವೆ, ಕೆಲವು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಾಗುತ್ತವೆ, ಇನ್ನು ಕೆಲವು ಕರುಳಿನ ಉದ್ದಕ್ಕೂ ನಡೆದು ಅಲ್ಲಿನ ನರಗಳಾಗುತ್ತವೆ. ಈ ಕೊನೆಯವು ಕರುಳಿನ ತುದಿ ತಲುಪದೇ ಹೋದರೆ ಮಗು ಹುಟ್ಟಿದ ಮೇಲೆ ಮಲ ಹೊರಗೆ ಹೋಗದ ಹರ್ಷ್‌ಸ್ಪ್ರಂಗ್ ಕಾಯಿಲೆ ಬರುತ್ತದೆ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇವೆಲ್ಲ ಸಾಗುವ ದಾರಿಯಲ್ಲಿ ಫೈಬ್ರೊನೆಕ್ಟಿನ್, ಲ್ಯಾಮಿನಿನ್ ಹಾಸಿರುತ್ತವೆ. ಫೈಬ್ರೊನೆಕ್ಟಿನ್ನಿನಲ್ಲಿ ಕೋಶ ಹಿಡಿದುಕೊಳ್ಳುವ ಜಾಗ ಬರೀ ಮೂರು ಅಮೈನೋ ಆಮ್ಲಗಳ ಸರಣಿ ಎಂದು 1984ರಲ್ಲಿ ಗೊತ್ತಾಯಿತು. ಅದೇ ವರ್ಷ ಫ್ರಾನ್ಸ್ ಮತ್ತು ಅಮೆರಿಕದ ಸಂಶೋಧಕರು ಆ ಸರಣಿಯಿರುವ ಕೃತಕ ತುಣುಕುಗಳನ್ನು ಭ್ರೂಣಕ್ಕೆ ಸೇರಿಸಿದರು. ಕೋಶಗಳ ಕೊಂಡಿಗಳು ಆ ಸುಳ್ಳು ಹಿಡಿಕೆಗಳನ್ನೇ ಹಿಡಿದು ಕೂತವು. ಹಕ್ಕಿಯ ಭ್ರೂಣದಲ್ಲಿ ವಲಸೆ ತಡೆಯಿತು, ಉಭಯಚರಿಯ ಭ್ರೂಣದಲ್ಲಿ ಕೋಶಗಳು ಒಳಕ್ಕೆ ಸರಿಯುವುದೇ ನಿಂತಿತು. ಅಲ್ಲಿ ಯಾರೂ ಒಂದು ಜೀನನ್ನೂ ಮುಟ್ಟಿರಲಿಲ್ಲ.

ನೆಲ ಮೆತ್ತಗಿದೆಯೋ ಗಟ್ಟಿಯಿದೆಯೋ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. 2006ರಲ್ಲಿ ಆಡಂ ಎಂಗ್ಲರ್, ಡೆನ್ನಿಸ್ ಡಿಶರ್ ಮತ್ತವರ ಜೊತೆಗಾರರು ಮೂಳೆಮಜ್ಜೆಯ ಕಾಂಡಕೋಶಗಳನ್ನು ಬೇರೆ ಬೇರೆ ಗಟ್ಟಿತನದ ಜೆಲ್ ಮೇಲೆ ಬೆಳೆಸಿದರು. ಮೆದುಳಿನಷ್ಟು ಮೆತ್ತನೆಯ ಜೆಲ್ ಮೇಲಿನವು ನರಕೋಶದ ಲಕ್ಷಣ ತೋರಿದವು, ಸ್ನಾಯುವಿನಷ್ಟು ಬಿಗಿಯಾದದ್ದರ ಮೇಲಿನವು ಸ್ನಾಯುವಿನ ಕಡೆ ಹೊರಳಿದವು, ಇನ್ನೂ ಗಟ್ಟಿಯಾದದ್ದರ ಮೇಲಿನವು ಮೂಳೆಯ ಕಡೆ. ಇದು ತಟ್ಟೆಯಲ್ಲಿ ಮಾಡಿದ ಪ್ರಯೋಗ, ಭ್ರೂಣದಲ್ಲಿ ಮಾಡಿದ್ದಲ್ಲ. ಆದರೆ ಜೀವಂತ ಕಪ್ಪೆ ಭ್ರೂಣದಲ್ಲೂ, ಅಡಿಯ ಪದರ ಬಿಗಿಯಾದ ಮೇಲೆಯೇ ಆ ವಲಸೆ ಕೋಶಗಳು ಹೊರಡುತ್ತವೆ ಎಂದು 2018ರಲ್ಲಿ ಲಂಡನ್ನಿನ ತಂಡವೊಂದು ತೋರಿಸಿತು.

ನನ್ನ ಸಹೋದ್ಯೋಗಿಗಳ ಮುಂದೆ ಇದನ್ನೆಲ್ಲ ಹೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ‘ಹಂದರದ ಪ್ರೋಟೀನಿಗೂ ಜೀನು ಇದೆಯಲ್ಲ ಮಾರಾಯ? ಕೊನೆಗೆ ಕೋಡೇ ತಾನೇ?’ ಇದು ಗಟ್ಟಿ ಆಕ್ಷೇಪಣೆ, ತಳ್ಳಿಹಾಕುವಂತಿಲ್ಲ. ಕೊಲಾಜೆನ್ನಿನಲ್ಲಿ ಗ್ಲೈಸಿನ್ ಎಲ್ಲಿ ಬರಬೇಕು ಎನ್ನುವುದು ಜೀನಿನಲ್ಲೇ ಇದೆ, ಅದು ಕೆಟ್ಟರೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಆದರೆ ಪ್ರೋಟೀನಿನ ಪಟ್ಟಿ ಇದ್ದ ಮಾತ್ರಕ್ಕೆ ಅಂಗಾಂಶ ಕಟ್ಟಿದಂತಾಗಲಿಲ್ಲ. ಇನ್ನೊಬ್ಬರು ‘ಹಂದರ ಅಂದರೆ ಕಾನ್ಫಿಗರೇಶನ್ ಫೈಲ್ ಅಂದುಕೊಳ್ಳಿ’ ಎನ್ನುತ್ತಾರೆ. ಕಾನ್ಫಿಗರೇಶನ್ ಫೈಲನ್ನು ನಾವು ಮೊದಲೇ ಬರೆದಿಟ್ಟು ಪ್ರೋಗ್ರಾಂ ಶುರುಮಾಡುತ್ತೇವೆ. ಇಲ್ಲಿ ಓಡುತ್ತಿರುವ ಪ್ರೋಗ್ರಾಮೇ ಅದನ್ನು ಬರೆಯುತ್ತದೆ, ಬರೆದದ್ದು ತಕ್ಷಣ ಪ್ರೋಗ್ರಾಮನ್ನು ತಿದ್ದುತ್ತದೆ, ಬರೆಯುವ ಕೈಯ ಒತ್ತಡವೂ ಅರ್ಥ ಬದಲಿಸುತ್ತದೆ. ಅಂಥ ಸಿಸ್ಟಂ ಒಂದನ್ನು ಯಾರಾದರೂ ನನ್ನ ಮುಂದೆ ತಂದರೆ ರಿವ್ಯೂನಲ್ಲೇ ತಿರಸ್ಕರಿಸುತ್ತೇನೆ. ನಾವೆಲ್ಲ ಹುಟ್ಟಿರುವುದು ಅಂಥದ್ದರಿಂದಲೇ. ಬರ್ಕ್ಲಿಯಲ್ಲಿ ಮಿನಾ ಬಿಸೆಲ್ ಎಂಬ ವಿಜ್ಞಾನಿ 1982ರಲ್ಲೇ, ಹಂದರ ಜೀನಿಗೆ ಹೇಳುತ್ತದೆ, ಜೀನು ಹಂದರಕ್ಕೆ ಹೇಳುತ್ತದೆ, ಮಾತು ಎರಡೂ ಕಡೆಯಿಂದ ನಡೆಯುತ್ತದೆ ಎಂದು ವಾದಿಸಿದ್ದರು. ಆಗ ಅವರನ್ನು ನಂಬಿದವರು ಕಡಿಮೆ.

ಒಂದು ಔಷಧಿಯ ಉದಾಹರಣೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಿರಲಿ ಎಂದು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ವಿಟಮಿನ್ ಕೆ ಮಾಡುವ ಕೆಲಸವನ್ನು ತಡೆಯುತ್ತದೆ. ಮೃದ್ವಸ್ಥಿಯ ಹಂದರದಲ್ಲಿ ಸುಣ್ಣ ಕಟ್ಟದಂತೆ ಕಾಯುವ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್ ಎಂಬುದು ಪೂರ್ತಿಯಾಗುವುದಕ್ಕೆ ಅದೇ ವಿಟಮಿನ್ ಕೆ ಬೇಕು. ಗರ್ಭದ ಆರರಿಂದ ಹನ್ನೆರಡನೆಯ ವಾರದ ನಡುವೆ ಈ ಮಾತ್ರೆ ತೆಗೆದುಕೊಂಡ ಕೆಲವರ ಮಕ್ಕಳಲ್ಲಿ ಮೂಗಿನ ದಿಂಡು ಚಪ್ಪಟೆಯಾಗಿ, ಮೂಳೆಯ ತುದಿಗಳಲ್ಲಿ ಸುಣ್ಣದ ಚುಕ್ಕೆಗಳು ಕಾಣುತ್ತವೆ. ಆ ಪ್ರೋಟೀನಿನ ಜೀನೇ ಕೆಟ್ಟಾಗ ಬರುವ ಕ್ಯೂಟೆಲ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯಲ್ಲೂ ಮೂಗು ಚಪ್ಪಟೆಯಾಗುತ್ತದೆ, ಮೃದ್ವಸ್ಥಿಯಲ್ಲಿ ಸುಣ್ಣ ಕಟ್ಟುತ್ತದೆ. ಒಂದೇ ಬಗೆಯ ಮುಖಕ್ಕೆ ಎರಡು ದಾರಿ, ಒಂದು ಜೀನಿನದು, ಇನ್ನೊಂದು ಔಷಧಿ ಚೀಟಿಯದು. ಮುಖ ನೋಡಿ ‘ಯಾರ ಕಡೆಯದು’ ಎಂದು ತೀರ್ಪು ಕೊಡುವವರು ಯಾವ ದಾರಿಯೆಂದು ಹೇಗೆ ಹೇಳುತ್ತಾರೆ? (ಕವಾಟ ಹಾಕಿಸಿಕೊಂಡ ಹೆಣ್ಣುಮಕ್ಕಳು ಇದನ್ನು ಓದಿ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಅದು ಪ್ರಾಣಕ್ಕೇ ಅಪಾಯ. ಮಗು ಬೇಕೆಂದುಕೊಂಡಾಗಲೇ ಹೃದಯದ ವೈದ್ಯರ ಜೊತೆ ಮಾತನಾಡಬೇಕು.)

ಇಷ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಂಡೆ ಎಂದರೆ, ನನ್ನ ದೊಡ್ಡಪ್ಪನ ಮಗಳ ಮಗುವಿನಿಂದ. ಮೂರು ವರ್ಷದ ಹಿಂದೆ ಚಿತ್ರದುರ್ಗದ ಕಡೆ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು, ಎಡ ಪಾದ ಒಳಕ್ಕೆ ತಿರುಚಿಕೊಂಡಿತ್ತು. ಹೆಚ್ಚುಕಡಿಮೆ ಸಾವಿರಕ್ಕೊಂದು ಮಗುವಿಗೆ ಹೀಗಾಗುತ್ತದೆ. ವಂಶದ ಪಾತ್ರ ಸ್ವಲ್ಪ ಇದೆ, ಆದರೆ ಬಹುಪಾಲು ಮಕ್ಕಳಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು. ಅಕ್ಕನ ಗಂಡನ ಮನೆಯಲ್ಲಿ ತೋರಿಸಿದರು. ‘ನಮ್ಮ ಕಡೆ ಏಳು ತಲೆಮಾರಲ್ಲಿ ಇಲ್ಲ’ ಎಂದರು. ಅಲ್ಲಿನ ಓದಿದ ಹುಡುಗನೊಬ್ಬ, ನಮ್ಮ ಉದ್ಯೋಗದವನೇ, ‘ಜೆನೆಟಿಕ್ ಕೋಡಲ್ಲಿ ಬಗ್ ಇದ್ರೆ ಹಿಂಗೇ’ ಎಂದನಂತೆ. ಅಕ್ಕ ರಾತ್ರಿ ಫೋನ್ ಮಾಡಿ, ‘ನಮ್ಮನೇಲೂ ಯಾರಿಗೂ ಇರ್ಲಿಲ್ಲ ಕಣೋ. ಆದ್ರೂ ಎಲ್ರೂ ನನ್ನ ಮುಖಾನೇ ನೋಡ್ತಾರೆ’ ಎಂದಳು. ಎಂಟು ದಿನ ಈ ಚರ್ಚೆಯಲ್ಲೇ ಹೋಯಿತು. ಮಗುವನ್ನು ಮೂಳೆ ವೈದ್ಯರಿಗೆ ತೋರಿಸಲು ಯಾರೂ ಹೊರಟಿರಲಿಲ್ಲ.

ಆಮೇಲೆ ದೊಡ್ಡಪ್ಪನೇ ಹೋಗಿ ತಾಯಿ ಮಗುವನ್ನು ಕರೆದುಕೊಂಡು ಬಂದು ಸರ್ಕಾರಿ ಆಸ್ಪತ್ರೆಗೆ ಹೋದರು. ಅಲ್ಲಿ ಮಾಡಿದ್ದು ಪೊನ್ಸೆಟಿ ವಿಧಾನ. ಇಗ್ನಾಸಿಯೊ ಪೊನ್ಸೆಟಿ ಸ್ಪೇನಿನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ನೆಲೆಸಿದ ಮೂಳೆ ವೈದ್ಯರು. ಎಳೆಮಗುವಿನ ಪಾದದ ಅಸ್ಥಿರಜ್ಜುಗಳಲ್ಲಿ ಕೊಲಾಜೆನ್ ನೂಲುಗಳು ಅಲೆ ಅಲೆಯಾಗಿ ಮಡಚಿಕೊಂಡಿರುತ್ತವೆ, ಮೆಲ್ಲಗೆ ಎಳೆದು ಹಿಡಿದರೆ ಅಲೆ ಬಿಚ್ಚಿ ಉದ್ದವಾಗುತ್ತವೆ, ಕೆಲವು ದಿನದಲ್ಲಿ ಅಲೆ ಮತ್ತೆ ಮೂಡುತ್ತದೆ, ಮತ್ತೆ ಎಳೆಯಬಹುದು ಎಂದು ಅವರು ಕಂಡುಕೊಂಡಿದ್ದರು. ಹಾಗಾಗಿ ವಾರಕ್ಕೊಮ್ಮೆ ಪಾದವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ನಮ್ಮ ಮಗುವಿಗೆ ಆರು ಪ್ಲಾಸ್ಟರ್ ಬೇಕಾದವು. ಕೊನೆಗೆ ಹಿಮ್ಮಡಿಯ ಬಿಗಿಯಾದ ನರವನ್ನು (ನಮ್ಮ ಕಡೆ ಸ್ನಾಯುರಜ್ಜುವನ್ನೂ ನರ ಎಂದೇ ಹೇಳುವುದು) ಸಣ್ಣದಾಗಿ ಕತ್ತರಿಸಿ ಮೂರು ವಾರ ಪ್ಲಾಸ್ಟರ್ ಹಾಕಿದರು. ಅಷ್ಟರಲ್ಲಿ ಕತ್ತರಿಸಿದ ಜಾಗದಲ್ಲಿ ಹೊಸ ಎಳೆಗಳು ಬೆಳೆದು ಕೂಡಿಕೊಂಡಿದ್ದವು, ಮೊದಲಿಗಿಂತ ಉದ್ದವಾಗಿ. ಈಗಲೂ ರಾತ್ರಿ ಮಲಗುವಾಗ ಸರಳು ಕೂಡಿಸಿದ ಬೂಟು ಹಾಕಬೇಕು, ಅದಕ್ಕೆ ದಿನಾ ರಂಪ. ಹಗಲೆಲ್ಲ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತದೆ. ಈ ಚಿಕಿತ್ಸೆಯುದ್ದಕ್ಕೂ ಆ ಮಗುವಿನ ಜೀನಿಗೆ ಯಾರೂ ಕೈಹಾಕಲಿಲ್ಲ. ತಿದ್ದಿದ್ದು ಹಂದರವನ್ನು, ಅದೂ ಹಂದರದ ಸ್ವಭಾವಕ್ಕೆ ಒಪ್ಪುವ ರೀತಿಯಲ್ಲಿ.

‘ಬಗ್’ ಎಂಬ ಪದವನ್ನು ಮಗುವಿನ ಮೇಲೆ ಬಳಸಿದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಬಗ್ ಎಂದರೆ ಬರೆದವರ ತಪ್ಪು. ಆ ಪದ ಬಾಯಿಗೆ ಬಂದೊಡನೆ ಬರೆದವರು ಯಾರು ಎಂದು ಹುಡುಕುವ ಚಟವೂ ಹಿಂದೆಯೇ ಬರುತ್ತದೆ. ನಮ್ಮ ಕೆಲಸದಲ್ಲಿ ಅದು ಸರಿ, ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸಲು ಒಂದು ಕಮಾಂಡೇ ಇದೆ, ಅದರ ಹೆಸರೂ ‘ಬ್ಲೇಮ್’.

ಈ ನಂಬಿಕೆಯನ್ನು ಕಾಸು ಮಾಡಿಕೊಳ್ಳುವವರೂ ಹುಟ್ಟಿಕೊಂಡಿದ್ದಾರೆ. ಮಗುವಿನ ಎಂಜಲು ಕಳಿಸಿ, ಗಣಿತ ಬರುತ್ತದೋ ಸಂಗೀತ ಬರುತ್ತದೋ ಜೀನು ನೋಡಿ ಹೇಳುತ್ತೇವೆ ಎನ್ನುವ ಜಾಹೀರಾತು ನಮ್ಮಂಥ ಸಂಬಳದಾರರ ಫೋನಿಗೇ ಬರುವುದು. ಇನ್ನೊಂದು ಕಡೆ, ಗರ್ಭಿಣಿಯರು ಕುಡಿದರೆ ಮಗುವಿನ ಚರ್ಮ, ಮೂಳೆ ಚೆನ್ನಾಗಿ ಬೆಳೆಯುತ್ತದೆ ಎಂದು ಡಬ್ಬಿಯಲ್ಲಿ ಕೊಲಾಜೆನ್ ಪುಡಿ. ಕುಡಿದ ಪುಡಿ ಹೊಟ್ಟೆಯಲ್ಲಿ ಬೇರೆ ಯಾವುದೇ ಪ್ರೋಟೀನಿನಂತೆ ತುಂಡು ತುಂಡಾಗುತ್ತದೆ. ಅದು ಹಾಗೇ ಹೋಗಿ ಮಗುವಿನ ಚರ್ಮದಲ್ಲಿ ಕೂರುವುದಿಲ್ಲ. ಮಗು ತನ್ನ ಕೊಲಾಜೆನ್ನನ್ನು ತಾನೇ ಹೊಸೆದುಕೊಳ್ಳುತ್ತದೆ. ಆ ಹಗ್ಗ ಗಟ್ಟಿಯಾಗಲು ವಿಟಮಿನ್ ಸಿ ಬೇಕು, ಅದು ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿ ಧಾರಾಳವಾಗಿದೆ.

ಇನ್ನೊಂದು ಸಂಗತಿಯನ್ನು, ಅದು ಹಂದರದ ಕತೆಯಲ್ಲದಿದ್ದರೂ, ಇಲ್ಲೇ ಹೇಳಿಬಿಡುತ್ತೇನೆ. ಭ್ರೂಣದಲ್ಲಿ ಮೆದುಳು ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕು ವಾರದೊಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ಆಗ ತಾವು ಗರ್ಭಿಣಿ ಎಂದೇ ಗೊತ್ತಿರುವುದಿಲ್ಲ. ಹಿಂದೆ ಇಂಥ ತೊಂದರೆಯ ಮಗು ಹುಟ್ಟಿದ್ದ ತಾಯಂದಿರಲ್ಲಿ, ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ ಕೊಟ್ಟರೆ ಅದು ಮರುಕಳಿಸುವುದು ಶೇ 72ರಷ್ಟು ಕಡಿಮೆಯಾಗುತ್ತದೆ ಎಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನ ತೋರಿಸಿತು. ಆ ಮಾತ್ರೆ ತೀರಾ ಅಗ್ಗ. ಎಲ್ಲವೂ ಕೋಡಿನಲ್ಲಿ ಬರೆದಾಗಿದೆ ಎಂದು ನಂಬಿದ ಮನೆಯಲ್ಲಿ ಅದರ ನೆನಪು ಬರುವುದು ಮೂರನೆಯ ತಿಂಗಳಲ್ಲಿ.

ಹೊರಊರಿನ ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ಆರೋಗ್ಯ ಶಿಬಿರವನ್ನೂ ಮಾಡುತ್ತವೆ, ರಕ್ತದೊತ್ತಡ, ಸಕ್ಕರೆ ನೋಡುತ್ತವೆ. ಒಂದು ವರ್ಷ, ಮದುವೆಯಾದ ಹೊಸ ಜೋಡಿಗಳನ್ನು ಕೂರಿಸಿ, ಗರ್ಭದಲ್ಲಿ ಮಗು ಹೇಗೆ ಬೆಳೆಯುತ್ತದೆ ಎಂದು ಕನ್ನಡದಲ್ಲಿ ಹೇಳಬಲ್ಲ ವೈದ್ಯರೊಬ್ಬರನ್ನು ಕರೆಸಲಿ. ಹುಡುಗಿಯ ಜೊತೆ ಅತ್ತೆ ಮಾವನೂ ಬರಲಿ. ನಮ್ಮ ಪಾಲಿನ ಕೆಲಸ ಅದಕ್ಕಿಂತ ಸುಲಭ. ಮುಂದಿನ ಸಲ ಮನೆಯ ಗುಂಪಿನಲ್ಲಿ ಯಾರಾದರೂ ‘ಇದೆಲ್ಲ ಜೀನಿನ ಕೋಡು ಕಣಪ್ಪ, ಹೌದಲ್ವಾ ಎಂಜಿನಿಯರೇ?’ ಎಂದು ನಮ್ಮ ಸಾಕ್ಷಿ ಕೇಳಿದಾಗ ಹೆಬ್ಬೆರಳಿನ ಚಿತ್ರ ಒತ್ತದೆ, ಮಗುವನ್ನು ಯಾವ ಡಾಕ್ಟರಿಗೆ ತೋರಿಸಿದಿರಿ, ಅವರೇನು ಹೇಳಿದರು ಎಂದು ತಿರುಗಿ ಕೇಳಬಹುದು.